ರೀಲಿಲ್ಲದ ಕ್ಯಾಮೆರಾಕ್ಕೆ ನಕ್ಕವರು

ಯಡಿಯೂರು ಕೆರೆಯ ಗೇಟಿನ ಹತ್ತಿರ ನನ್ನನ್ನು ಕಂಡ ಹಳೆಯ ಗೆಳೆಯ ಹೇಗಿದ್ದೀಯ ಎಂದು ಕೇಳಲಿಲ್ಲ. ಅತ್ತ ಇತ್ತ ನೋಡಿ, ದನಿ ತಗ್ಗಿಸಿ, "ಮಗಾ, ನೀನು ಬಂದಿರೋದು ಯಾರಿಗೆಲ್ಲಾ ಗೊತ್ತು?" ಎಂದ.

"ನಮ್ಮಣ್ಣಂಗೆ ಗೊತ್ತು. ಹಾಲಿನವನಿಗೆ ಗೊತ್ತು. ಯಾಕೆ, ಕೊಲೆ ಮಾಡಿ ಓಡಿಹೋಗಿದ್ನಾ ನಾನು?"

"ಕೊಲೆ ಆಗಿದ್ರೆ ಲಾಯರ್ ಇಟ್ಟು ಬಿಡಿಸ್ತಿದ್ದೆ. ನನ್ನ ಹೆಂಡ್ತಿ ಅಕ್ಕ ನಿನ್ನ ಹುಡುಕ್ತಿದ್ದಾರೆ."

ನಾನು ಹಲವು ವರ್ಷ ಗಲ್ಫಿನ ಒಂದು ಊರಿನಲ್ಲಿ ಹೋಟೆಲುಗಳಿಗೆ ಊಟದ ಫೋಟೋ ತೆಗೆದುಕೊಟ್ಟು ಬದುಕಿದವಳು. ಆರಿಹೋದ ಬಿರಿಯಾನಿಗೆ ಗ್ಲಿಸರಿನ್ ಸವರಿ ಹೊಳೆಯಿಸುವುದು, ಐಸ್‌ಕ್ರೀಮು ಕರಗದಿರಲೆಂದು ಅದರ ಜಾಗದಲ್ಲಿ ಬೇಯಿಸಿದ ಆಲೂಗಡ್ಡೆಯ ಉಂಡೆ ಇಡುವುದು ನನ್ನ ಕಸುಬು. ಹಾಗಾಗಿ ಕಣ್ಣಿಗೆ ಕಂಡದ್ದನ್ನು ನಂಬುವ ಅಭ್ಯಾಸ ತಪ್ಪಿಹೋಗಿದೆ. ನೆನಪನ್ನಂತೂ ನಂಬುವುದೇ ಇಲ್ಲ. ಅದಕ್ಕೂ ಯಾರೋ ಗ್ಲಿಸರಿನ್ ಸವರಿರುತ್ತಾರೆ, ಬಹಳ ಸಲ ನಾನೇ.

ಈ ವರ್ಷ ಗಂಟುಮೂಟೆ ಕಟ್ಟಿಕೊಂಡು ಜಯನಗರಕ್ಕೇ ವಾಪಸಾದೆ. ಮೊದಲ ವಾರ ಹಳೆಯ ಜಾಗಗಳನ್ನೆಲ್ಲ ಸುತ್ತೋಣವೆಂದುಕೊಂಡು ಕ್ಯಾಮೆರಾ ಹೆಗಲಿಗೆ ಹಾಕಿ ಹೊರಟೆ. ಬನಶಂಕರಿಯಲ್ಲಿ ನಾವು ನಿಂತುಕೊಂಡು ಬೈ-ಟು ಕಾಫಿ ಕುಡಿಯುತ್ತಿದ್ದ ದರ್ಶಿನಿಯ ಜಾಗದಲ್ಲಿ ಮೆಟ್ರೋ ಕಂಬ ಎದ್ದಿತ್ತು. ಹೋಟೆಲಿನ ನೆನಪಿಗೆಂದು ಕಂಬವನ್ನು ಕೆಳಗಿನಿಂದ, ಪಕ್ಕದಿಂದ, ಬಿಸಿಲು ಬರುವವರೆಗೆ ಕಾದು ಮತ್ತೊಮ್ಮೆ ತೆಗೆದೆ. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದವಳು ತಲೆ ಎತ್ತದೆ, "ಆ ಹೋಟ್ಲು ರೋಡಿನ ಆ ಕಡೆ ಇತ್ತಕ್ಕ. ಈಗ್ಲೂ ಇದೆ," ಎಂದಳು. ದಾಟಿ ನೋಡಿದರೆ ಇತ್ತು. ಕಾಫಿಯೂ ಕೆಟ್ಟಿರಲಿಲ್ಲ. ಕಂಬದ ಫೋಟೋ ತೆಗೆದದ್ದೇ ದಂಡ.

ಈ ಮಟ್ಟದ ನೆನಪಿನವಳು ಮುಂದಿನದನ್ನು ಹೇಳುತ್ತಿದ್ದೇನೆ ಎಂಬುದನ್ನು ಓದುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಗೆಳೆಯನ ಅಜ್ಜ ಕೆರೆಯ ಹಿಂದೆ ಸೊಪ್ಪು ಬೆಳೆಯುತ್ತಿದ್ದರು. ಆ ಮಡಿಗಳ ಮೇಲೆ ಈಗ ಅವನ ಪಿಜಿ ಕಟ್ಟಡ ನಿಂತಿದೆ. ಅದರ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು ಅವನ ಉದ್ಯೋಗ. ಕಾಲೇಜಿನ ದಿನಗಳಲ್ಲಿ ನಮ್ಮಿಬ್ಬರದೂ ಒಂದೇ ಉದ್ಯೋಗವಿತ್ತು: ಕರೆಯದ ಮದುವೆಗಳಿಗೆ ಹೋಗಿ ಊಟ ಮಾಡುವುದು. ನನ್ನ ಕೊರಳಲ್ಲಿ ಚಿಕ್ಕಪ್ಪನ ಹಳೆಯ ಕ್ಯಾಮೆರಾ ಇರುತ್ತಿತ್ತು. ಫೋಟೋ ತೆಗೆಯುವ ಹುಡುಗಿಯನ್ನು ಯಾರ ಪೈಕಿ ಎಂದು ಕೇಳುವವರಿಲ್ಲ. ಹೆಣ್ಣಿನ ಕಡೆಯವರು ಗಂಡಿನವರು ಕರೆಸಿದ್ದಾರೆ ಎಂದುಕೊಳ್ಳುತ್ತಾರೆ, ಗಂಡಿನವರು ಹೆಣ್ಣಿನವರ ಏರ್ಪಾಟು ಎಂದುಕೊಳ್ಳುತ್ತಾರೆ, ಕೊನೆಗೆ ಇಬ್ಬರೂ ಸೇರಿ, ಪಾಪ ಊಟ ಮಾಡಮ್ಮ ಎನ್ನುತ್ತಾರೆ. ರೀಲು ಹಾಕಿಸುವ ಯೋಗ್ಯತೆ ನಮಗಿರಲಿಲ್ಲ. ಫ್ಲಾಶ್ ಹೊಳೆದರೆ ಸಾಕಿತ್ತು. ಗೆಳೆಯನ ಉಪಾಯವೇ ಬೇರೆ: ಒಳಗೆ ಹೋದವನೇ ಸಾರಿನ ಬಕೆಟ್ ಕೈಗೆತ್ತಿಕೊಂಡು ಬಡಿಸಲು ನಿಲ್ಲುತ್ತಿದ್ದ. ಬಡಿಸುವವನನ್ನು ಹೊರಗೆ ಕಳಿಸಿದ ಛತ್ರ ಈ ಊರಿನಲ್ಲಿ ಇಲ್ಲ.

ಹಾಗೆ ಬಡಿಸುತ್ತಿದ್ದಾಗಲೇ ಜಯನಗರದ ಒಂದು ಮದುವೆಯಲ್ಲಿ ಮದುಮಗಳ ತಂಗಿ ಅವನನ್ನು ಹಿಡಿದಳು. "ನೀವು ಯಾರ ಕಡೆ?" ಎಂದು ಕೇಳಿದಳಂತೆ. ಇವನು, "ಸದ್ಯಕ್ಕೆ ಸಾರಿನ ಕಡೆ," ಎಂದನಂತೆ. ಅವನು ಹಾಗೆಂದದ್ದು ನನಗೆ ನೆನಪಿಲ್ಲ, ಅಷ್ಟು ಚುರುಕಾಗಿ ಅವನು ಬೇರೆಲ್ಲೂ ಮಾತಾಡಿದ್ದನ್ನು ಕೇಳಿಲ್ಲ. ಏನೇ ಇರಲಿ, ಮುಂದೆ ಅವಳನ್ನೇ ಮದುವೆಯಾದ. ಅವನು ಯಾರೆಂಬುದು ಆ ಮನೆಯವರಿಗೆ ತಿಳಿಯುವ ಹೊತ್ತಿಗೆ ಅಳಿಯನಾಗಿದ್ದ. ಬಿಟ್ಟಿ ಊಟದ ವಿಷಯ ಬಯಲಾದಾಗ ಅವನು ನನ್ನ ತಲೆಯನ್ನು ಒತ್ತೆ ಇಟ್ಟು ಪಾರಾದ: ಊಟ ಸುಮ್ಮನೆ ಮಾಡಲಿಲ್ಲ, ನನ್ನ ಗೆಳತಿ ಮದುವೆಯ ಫೋಟೋ ತೆಗೆದಿದ್ದಾಳೆ, ಕೊಡುತ್ತಾಳೆ. ಅಷ್ಟರಲ್ಲಿ ನಾನು ವಿಮಾನ ಹತ್ತಿದ್ದೆ.

"ಅದನ್ನ ಇನ್ನೂ ನೆನಪಿಟ್ಕೊಂಡಿದ್ದಾರಾ?" ಎಂದೆ.

"ನೆನಪಾ? ಗುರು, ಹಬ್ಬಹಬ್ಬಕ್ಕೂ ಕೇಳ್ತಾರೆ. ಅವರಪ್ಪ ಯಾವ ಫೋಟೋದಲ್ಲೂ ನಕ್ಕಿಲ್ಲ. ಮಗಳ ಮದುವೇಲಿ ಒಂದೇ ಸಲ ಬಾಯಿ ತುಂಬಾ ನಕ್ರಂತೆ, ಆಗ ಎದುರಿಗೆ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದವಳು ನೀನು. ಈಗ ಅವರೂ ಇಲ್ಲ. ಅತ್ತಿಗೆಗೆ ಆ ನಗು ಬೇಕು."

"ರೀಲಿರ್ಲಿಲ್ಲ ಅಂತ ಹೇಳ್ಬಿಡೋದಲ್ವಾ?"

"ಇಷ್ಟು ವರ್ಷ ಆದ್ಮೇಲಾ? ಅವತ್ತು ಬಿಟ್ಟಿ ಊಟ ಮಾಡಿದ್ದಕ್ಕೆ ಕ್ಷಮಿಸಿದ್ರು. ಅಪ್ಪನ ನಗು ಇದೆ ಇದೆ ಅಂತ ಕಾಯಿಸಿದ್ದಕ್ಕೆ ಕ್ಷಮಿಸ್ತಾರಾ? ನೋಡು, ಏರ್‌ಪೋರ್ಟಲ್ಲಿ ಎಕ್ಸ್‌ರೇ ಮೆಷೀನಿಗೆ ಸಿಕ್ಕಿ ರೀಲು ಸುಟ್ಟೋಯ್ತು ಅನ್ನು. ಸಖತ್ತಾಗಿದೆ. ನಾನೇ ಯೋಚ್ನೆ ಮಾಡಿದ್ದು."

ನಾನು ಒಪ್ಪಿದೆ. ಸುಳ್ಳಿನ ಮೇಲೆ ನನಗೆ ವಿಶೇಷ ದ್ವೇಷವಿಲ್ಲ.

ಗೆಳೆಯನ ಅತ್ತಿಗೆಯ, ಅಂದರೆ ಅಂದಿನ ಮದುಮಗಳ, ಮನೆ ವಸಂತಪುರದಲ್ಲಿತ್ತು, ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ. ಮೂವರೂ ಹೋದೆವು: ನಾನು, ಗೆಳೆಯ, ಅವನ ಹೆಂಡತಿ. ರೀಲಿನ ನಿಜ ಅವಳಿಗೆ ತಿಳಿದಿತ್ತು. ಕಾರಿನಲ್ಲಿ ಅವಳು ಒಂದೇ ಮಾತು ಆಡಿದಳು: "ರೀ, ನೀವು ಒಳಗೆ ಹೋದ್ಮೇಲೆ ಬಾಯಿ ಬಿಡ್ಬೇಡಿ."

ತಿಪಟೂರಿನ ಕೊಬ್ಬರಿ ವ್ಯಾಪಾರದ ಮನೆಯವರು ಅವರು. ಗೋಡೆಯ ಮೇಲೆ ತಂದೆಯ ಫೋಟೋ: ಹಣೆಗೆ ವಿಭೂತಿ, ತಲೆಗೆ ಪೇಟ, ತುಟಿ ಹೊಲಿದಂತೆ ಬಿಗಿ. ಅತ್ತಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಜಡೆ ಎಲ್ಲಿ?" ಎಂದರು.

"ಯಾವ ಜಡೆ ಆಂಟಿ?"

"ಆಂಟಿ ಅಂತೆ! ನನಗಿಂತ ಎಷ್ಟು ಚಿಕ್ಕವಳೇ ನೀನು? ಬಾ, ತೋರಿಸ್ತೀನಿ."

ಮದುವೆಯ ಆಲ್ಬಮ್ ತಂದು ಮಡಿಲಲ್ಲಿಟ್ಟರು. ಆ ಕಾಲಕ್ಕೆ ನಾನು ಕೂದಲು ಮೋಟು ಮಾಡಿಸಿಕೊಂಡಿದ್ದೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಅದರಿಂದಾಗಿ ಮನೆಯಲ್ಲಿ ಜಗಳವಾಯಿತೆಂದೂ. ಆಲ್ಬಮ್ಮಿನಲ್ಲಿ ಸೊಂಟದವರೆಗೆ ಇಳಿದ ಜಡೆ ಇತ್ತು. ತುದಿಗೆ ಕೆಂಪು ಟೇಪು. ಅದು ಪುಟಪುಟದಲ್ಲೂ ಇತ್ತು. ಮದುವೆ ಮನೆಯವರು ಕರೆಸಿದ್ದ ನಿಜವಾದ ಫೋಟೋಗ್ರಾಫರ್ ಹಿಂದೆ ನಿಂತು ಕ್ಲಿಕ್ ಮಾಡಿದಾಗಲೆಲ್ಲ ಅವನ ಮುಂದೆ ನಾನು ನುಗ್ಗಿದ್ದೆ. ತಾಳಿ ಕಟ್ಟುವ ಚಿತ್ರದಲ್ಲಿ ತಾಳಿಯ ಜಾಗದಲ್ಲಿ ನನ್ನ ಮೊಣಕೈ. ಮುತ್ತೈದೆಯರ ಸಾಲಿನ ಅರ್ಧಕ್ಕೆ ನನ್ನ ಬೆನ್ನು. ಒಂದರಲ್ಲಂತೂ ಮದುಮಗನ ಮುಖವೇ ಇಲ್ಲ. ಅವನ ಪೇಟ ನನ್ನ ತಲೆಯ ಮೇಲೆ ಕೂತಂತಿತ್ತು.

"ಯಾರ ಮದುವೆ ಇದು ಅಂತ ಮಕ್ಳು ಕೇಳ್ತಾರೆ," ಎಂದರು ಅತ್ತಿಗೆ. "ಹೋಗ್ಲಿ ಬಿಡು. ಇಲ್ಲಿ ನೋಡು."

ಆ ಚಿತ್ರದಲ್ಲಿ ಮದುಮಗಳು ಪಕ್ಕಕ್ಕೆ ತಿರುಗಿ ಯಾರನ್ನೋ ನೋಡುತ್ತಿದ್ದಾಳೆ, ಆಶ್ಚರ್ಯದಿಂದ ಕಣ್ಣು ಅರಳಿವೆ. ಅವಳು ನೋಡುತ್ತಿರುವ ಕಡೆ ನನ್ನ ಜಡೆ ಇದೆ. ಜಡೆಯ ಆಚೆ ಪೇಟದ ಅಂಚು, ಒಂದು ಕಿವಿ.

"ಅದು ಅಪ್ಪನ ಕಿವಿ. ಆಗ್ಲೇ ನಕ್ಕಿದ್ದು. ನಾನು ತಿರುಗಿದೆ, ಸರಿಯಾಗಿ ನೋಡೋದ್ರೊಳಗೆ ಕೈ ಅಡ್ಡ ಹಿಡಿದುಬಿಟ್ರು. ನೀನು ಎದುರಿಗೇ ಇದ್ದೆ. ಕೊಡು."

ಕೈ ಚಾಚಿದರು. ನಿಜವಾಗಿಯೂ ಚಾಚಿದರು, ನಾನು ಬ್ಯಾಗಿನಿಂದ ತೆಗೆದು ಕೊಡುತ್ತೇನೆ ಎಂಬಂತೆ.

ನಾನು ಎಕ್ಸ್‌ರೇ ಮೆಷೀನಿನ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಕೊನೆಯಲ್ಲಿ ಒಬ್ಬ ಒರಟು ಅಧಿಕಾರಿಯನ್ನೂ ಸೇರಿಸಿದೆ. ಅತ್ತಿಗೆಯ ಕೈ ನಿಧಾನವಾಗಿ ಮಡಿಲಿಗೆ ವಾಪಸು ಹೋಯಿತು. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯನ್ನು ಬೆರಳಿನಲ್ಲಿ ಸವರಿದರು. ಆಮೇಲೆ, "ಹೋಗ್ಲಿ, ಹೆಂಗಿತ್ತು ಅಂತಾದ್ರೂ ಹೇಳು. ನೋಡಿದ್ದವಳು ನೀನೊಬ್ಬಳೇ ಅಲ್ವಾ," ಎಂದರು.

ಇದಕ್ಕೆ ನಾವು ತಯಾರಿ ಮಾಡಿಕೊಂಡಿರಲಿಲ್ಲ. ಹಳೆಯ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತಿತ್ತು. ಬಟನ್ ಒತ್ತಿದ ಕ್ಷಣ ಅದು ಮೇಲೆದ್ದು ಕಣ್ಣಿನ ಮುಂದೆ ಕತ್ತಲಾಗುತ್ತಿತ್ತು. ಯಾವ ಕ್ಷಣವನ್ನು ಹಿಡಿದೆವೋ ಅದೊಂದನ್ನು ಬಿಟ್ಟು ಹಿಂದಿನದು ಮುಂದಿನದೆಲ್ಲ ನಮಗೆ ಕಂಡಿರುತ್ತಿತ್ತು. ಇದನ್ನು ಅವರಿಗೆ ವಿವರಿಸಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅವರು ಮುಂದಕ್ಕೆ ಬಾಗಿ ಕೂತಿದ್ದರು. ನಾನು ಬಿರಿಯಾನಿಗೆ ಗ್ಲಿಸರಿನ್ ಸವರಿದವಳು.

"ಮೊದ್ಲು ಕಣ್ಣು ನಕ್ತು," ಎಂದೆ. "ಆಮೇಲೆ ಮೀಸೆ ಸ್ವಲ್ಪ ಅಲುಗಾಡ್ತು. ಆಮೇಲೆ ನೋಡಿ, ತುಟಿ ಬಿಚ್ಕೊಂಡು, ಮುತ್ತು ಪೋಣಿಸಿದ ಹಾಗೆ ಬೆಳ್ಳಗೆ ಸಾಲು ಹಲ್ಲು..."

ಗೆಳೆಯನ ಹೆಂಡತಿ ಕೆಮ್ಮಿದಳು.

"ಸಾಲು ಹಲ್ಲಾ?" ಎಂದರು ಅತ್ತಿಗೆ.

"ಹೂಂ, ಬೆಳ್ಳಗೆ."

"ಅಪ್ಪಂಗೆ ಮುಂದಿನ ಹಲ್ಲೇ ಇರ್ಲಿಲ್ವಲ್ಲೇ! ಹುಡುಗ್ರಾಗಿದ್ದಾಗ ಬಾಯಲ್ಲಿ ತೆಂಗಿನಕಾಯಿ ಸುಲೀತೀನಿ ಅಂತ ಬಾಜಿ ಕಟ್ಟಿ ಎರಡೂ ಕಳ್ಕೊಂಡಿದ್ರು. ಅದಕ್ಕೇ ಜನ್ಮದಲ್ಲಿ ಫೋಟೋಗೆ ಬಾಯಿ ಬಿಡ್ಲಿಲ್ಲ. ಏನು ನೋಡಿದೆ ನೀನು? ಯಾರ ಹಲ್ಲು ನೋಡಿದೆ?"

ಬಾಯಿ ಬಿಡಬಾರದೆಂದು ಕಟ್ಟಪ್ಪಣೆಯಾಗಿದ್ದ ಗೆಳೆಯ ಆಗ ಬಾಯಿ ಬಿಟ್ಟ.

"ಅತ್ತಿಗೆ, ರೀಲೇ ಇರ್ಲಿಲ್ಲ! ಖಾಲಿ ಕ್ಯಾಮೆರಾ. ಬರೀ ಫ್ಲಾಶು. ಎಕ್ಸ್‌ರೇ ನಾನು ಹೇಳ್ಕೊಟ್ಟಿದ್ದು. ಹೊಡಿಯೋದಿದ್ರೆ ಇವಳನ್ನ ಮೊದ್ಲು ಹೊಡೀರಿ."

ಗೆಳೆತನ ಎಂದರೆ ಇದು. ಅತ್ತಿಗೆ ಹೊಡೆಯಲಿಲ್ಲ. ಕೂಗಾಡಲೂ ಇಲ್ಲ. "ಖಾಲೀನಾ," ಎಂದರು, ಅಷ್ಟೆ. ಮುಖದಲ್ಲಿ ಏನೋ ಆರಿಹೋಯಿತು. ಆಲ್ಬಮ್ ಮುಚ್ಚಲು ಹೋದರು. ಅಷ್ಟು ವರ್ಷ ಎಲ್ಲೋ ಒಂದು ದೇಶದಲ್ಲಿ, ಯಾವುದೋ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದ ಅಪ್ಪನ ನಗು ನನ್ನೆದುರಿಗೇ ಇಲ್ಲವಾಗುತ್ತಿತ್ತು.

ಗೆಳೆಯನ ಹೆಂಡತಿ ಅಕ್ಕನ ಕೈ ಹಿಡಿದು ಆಲ್ಬಮ್ ಮುಚ್ಚದಂತೆ ತಡೆದಳು.

"ಅಕ್ಕ, ಅಪ್ಪ ಯಾಕೆ ನಕ್ರು ಗೊತ್ತಾ? ನಾನು ಪಕ್ಕದಲ್ಲೇ ಇದ್ದೆ. ಇವಳು ಕ್ಯಾಮೆರಾ ಇಳಿಸಿ ಏನೋ ತಿರುವ್ತಿದ್ಲು, ಅದರ ಹಿಂದಿನ ಬಾಗ್ಲು ಟಪ್ ಅಂತ ತೆಕ್ಕೊಂಡ್ತು. ಒಳಗೆ ಏನೂ ಇಲ್ಲ. ಅಪ್ಪ ನೋಡಿದ್ರು. ಇವಳು ಗಡಬಡ ಮಾಡಿ ಬಾಗ್ಲು ಮುಚ್ಚಿ, ಏನೂ ಆಗೇ ಇಲ್ಲ ಅನ್ನೋ ಹಂಗೆ, 'ಅಂಕಲ್, ಸ್ವಲ್ಪ ಸ್ಮೈಲ್' ಅಂದ್ಲು. ಆಗ ನಕ್ಕಿದ್ದು. ರೀಲಿಲ್ಲ ಅಂತ ಗೊತ್ತಾದ್ಮೇಲೆ ಹೆದ್ರಿಕೆ ಏನಿದೆ? ಬಾಯಿ ಬಿಟ್ಟು, ಹಲ್ಲಿಲ್ಲದ್ದು ಪೂರ್ತಿ ಕಾಣೋ ಹಂಗೆ."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"'ಸುಮ್ನಿರು, ಮಗು ಊಟ ಮಾಡ್ಕೊಂಡು ಹೋಗ್ಲಿ' ಅಂದ್ರು ಅಪ್ಪ. ಆಮೇಲೆ ಇವರನ್ನ ಕಟ್ಕೊಂಡೆ. ಹೇಳಿದ್ರೆ ನನ್ನ ಗಂಡಂದೇ ಮಾನ ಹೋಗ್ತಿತ್ತಲ್ಲ."

ಅಂದರೆ, ರೀಲು ಇದ್ದಿದ್ದರೆ ಆ ನಗು ಇರುತ್ತಿರಲಿಲ್ಲ.

ಇದು ನಿಜವೇ? ಕ್ಯಾಮೆರಾದ ಬಾಗಿಲು ತೆರೆದುಕೊಂಡದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಜಡೆಯೂ ನೆನಪಿರಲಿಲ್ಲ, ಅದು ಬೇರೆ ಮಾತು. ಗೆಳೆಯನ ಹೆಂಡತಿ ಅದನ್ನು ಕಂಡಿದ್ದಳೋ, ಅಥವಾ ಅಕ್ಕನ ಮುಖ ನೋಡಲಾರದೆ ಆ ಸೋಫಾದ ಮೇಲೆ ಕೂತಲ್ಲೇ ಕಟ್ಟಿದಳೋ ಹೇಳಲಾರೆ. ಕಟ್ಟಿದ್ದರೆ ನನ್ನ ಕಸುಬಿನಲ್ಲಿ ನನಗಿಂತ ದೊಡ್ಡವಳು. ಆ ದಿನ ಅಲ್ಲಿಂದ ಹೊರಟು ಇಳಿಯುವಾಗ ಲಿಫ್ಟಿನಲ್ಲಿ ಕೇಳಿದೆ. "ನಿನಗೆ ಯಾವುದು ಬೇಕೋ ಅದನ್ನ ಇಟ್ಕೋ," ಎಂದು ಸೆರಗು ಸರಿಮಾಡಿಕೊಂಡಳು.

ತಂಗಿಯ ಮಾತು ಮುಗಿದ ಮೇಲೆ ಅತ್ತಿಗೆ ಆಲ್ಬಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರೆ ಈ ಜಡೆ ಹಿಂದೆ ಅಪ್ಪ ನಗ್ತಾ ಇದ್ದಾರೆ," ಎಂದರು. "ಹಲ್ಲಿಲ್ಲದ ಬಾಯಿ ಬಿಟ್ಕೊಂಡು."

"ಹೂಂ."

"ಕಿವಿ ನೋಡು, ಮೇಲಕ್ಕೆ ಎದ್ದಿದೆ. ಗೋಡೆ ಮೇಲಿನ ಫೋಟೋದಲ್ಲಿ ಹಿಂಗಿಲ್ಲ." ಎಲ್ಲರೂ ಗೋಡೆಯತ್ತ ತಿರುಗಿದೆವು. ಎರಡು ಕಿವಿಗಳನ್ನು ಹೋಲಿಸಿದೆವು. ಎದ್ದಿದೆ ಎಂದು ಗೆಳೆಯ ಆಣೆ ಮಾಡಿದ. ನನಗೆ ಹಾಗೆ ಕಾಣಲಿಲ್ಲ, ಆದರೆ ನಾನು ಯಾವಾಗ ಏನನ್ನು ಸರಿಯಾಗಿ ಕಂಡಿದ್ದೇನೆ?

ಅತ್ತಿಗೆ ಆ ಪುಟವನ್ನು ಟೀಪಾಯಿಯ ಮೇಲೆ ಬಿಡಿಸಿಟ್ಟು, ಅಂಚಿಗೆ ತಟ್ಟೆಯ ಭಾರ ಇಟ್ಟರು. "ಇದನ್ನ ದೊಡ್ಡದಾಗಿ ತೆಗ್ದುಕೊಡು. ಗೋಡೆಗೆ ಹಾಕ್ತೀನಿ."

"ನನ್ನ ಬೆನ್ನನ್ನಾ?"

"ಅಪ್ಪನ್ನ. ನೀನು ಅಡ್ಡ ಇದ್ದೀಯ, ಏನ್ ಮಾಡೋದು."

ನಾನು ಕ್ಯಾಮೆರಾ ಎತ್ತಿದೆ. ಅತ್ತಿಗೆ ಲೆನ್ಸಿಗೆ ಅಂಗೈ ಅಡ್ಡ ಹಿಡಿದರು.

"ಮೊದ್ಲು ಬಾಗ್ಲು ತೆಗ್ದು ತೋರಿಸು."

ಮೆಮೊರಿ ಕಾರ್ಡಿನ ಬಾಗಿಲು ತೆಗೆದು, ಈಗ ರೀಲಿನ ಬದಲು ಇದೇ ಎಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಒಳಗೆ ಇಣುಕಿದರು. ತಂಗಿಯನ್ನು ಕರೆದು ಅವಳಿಗೂ ತೋರಿಸಿದರು. ನಂಬಿಕೆ ಸಾಲದೆ ಕಾರ್ಡನ್ನು ಹೊರಗೆ ತೆಗೆಸಿ, ಕೈಯಲ್ಲಿ ಹಿಡಿದು ನೋಡಿ, ತಾವೇ ಒಳಗೆ ತುರುಕಿದರು.

"ಈಗ ಹೊಡಿ," ಎಂದರು. "ಹೊಡೆದ ತಕ್ಷಣ ನನ್ನ ಫೋನಿಗೆ ಕಳಿಸು, ಇಲ್ಲೇ ಕೂತ್ಕೊಂಡು. ಅದು ಬಂತು ಅಂತ ನಾನು ಹೇಳೋವರ್ಗೂ ಯಾರೂ ಊಟಕ್ಕೆ ಏಳೋ ಹಂಗಿಲ್ಲ."