ಎರಡು ರೊಟ್ಟಿಯ ಗಾಡಿ

ಅವನ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಮಿಲಿಟರಿಯಲ್ಲಿ ಡ್ರೈವರನಾಗಿದ್ದಾಗ ಜಾಕು ಜಾರಿ ಹೋದದ್ದಂತೆ. ಆ ಬೋಳು ಬೆರಳಿನಿಂದ ಹಾರ್ನು ಒತ್ತಿದರೆ ಸಾಕು, ಕಲ್ಲೋಳಿಯ ನಮ್ಮ ಓಣಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಹೊರಗೆ ಬರುತ್ತಿದ್ದರು. ನನ್ನ ಹಾರ್ನಿಗೆ ಕಟ್ಟೆಯ ಮೇಲೆ ಮಲಗಿದ ನಾಯಿ ಕೂಡ ಏಳುತ್ತಿರಲಿಲ್ಲ.

ಅವನು ನಮ್ಮ ಬಾಜೂ ಮನೆಯವನು, ನನಗಿಂತ ಐದಾರು ವರ್ಷ ದೊಡ್ಡವನು. ಸ್ವಾತಂತ್ರ್ಯ ಬಂದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪಿಕಪ್ಪುಗಳಲ್ಲಿ ಒಂದನ್ನು ತಂದ. ಅವನು ತಂದನಲ್ಲ ಎಂದು ನಾನೂ ಒಂದನ್ನು ತಂದೆ. ಖರೆ ಹೇಳಬೇಕೆಂದರೆ ಬೇರೆ ಕಾರಣ ಇರಲಿಲ್ಲ. ಇಬ್ಬರೂ ಮೂಡಲಗಿ, ಗೋಕಾಕದ ಸಂತೆಗಳಿಗೆ ಜನರನ್ನೂ ಬೆಲ್ಲವನ್ನೂ ಸಾಗಿಸುತ್ತಿದ್ದೆವು. ಹೊರಡುವ ಮೊದಲು ಅವನು ಗಾಡಿಯನ್ನು ಒಂದು ಸುತ್ತು ಹಾಕಿ, ನಾಲ್ಕೂ ಗಾಲಿಗಳ ಮೇಲೆ ಕೈಯಾಡಿಸುತ್ತಿದ್ದ. ಯಾರಾದರೂ ಲಗೂ ನಡೆ ಅಂದರೆ, "ಅವಸರಾ ಇದ್ದಾವ್ರು ನಡಕೋತ ಹೋಗ್ರಿ, ಮುಂದ ಸಿಗೂಣು" ಅನ್ನುತ್ತಿದ್ದ. ಜನ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಎಲ್ಲವನ್ನೂ ತಡೆದುಕೊಂಡೆ, ಒಂದನ್ನು ಮಾತ್ರ ಆಗಲಿಲ್ಲ. ನನ್ನ ಹಡೆದವ್ವ ವಾರಕ್ಕೊಮ್ಮೆ ಗೋಕಾಕದ ಸಂತೆಗೆ ತುಪ್ಪ ಒಯ್ಯುತ್ತಿದ್ದಳು. ಮಗನ ಗಾಡಿ ಬಾಗಿಲಲ್ಲೇ ನಿಂತಿದ್ದರೂ ಗಡಿಗೆ ಎತ್ತಿಕೊಂಡು ಅವನ ಗಾಡಿ ಹತ್ತುತ್ತಿದ್ದಳು. ಕೇಳಿದರೆ ಓಣಿಯ ಮಂದಿಯೆದುರಿಗೇ, "ನಿನ್ನ ಗಾಡಿ ವಾಲತೈತೋ ಮಗನ, ನನ್ನ ತುಪ್ಪ ಚೆಲ್ಲತೈತಿ" ಅನ್ನುವಳು.

ವಾಲುತ್ತಿದ್ದುದು ನಿಜ. ಎರೆನೆಲದ ದಾರಿಯಲ್ಲಿ ಎತ್ತಿನ ಗಾಡಿಗಳು ಓಡಾಡಿ ಎರಡು ಆಳದ ಜಾಡು ಬಿದ್ದಿದ್ದವು. ಪಿಕಪ್ಪಿನ ಗಾಲಿಗಳ ಅಗಲ ಅದಕ್ಕಿಂತ ಕಡಿಮೆ. ಒಂದು ಗಾಲಿ ಜಾಡಿಗೆ ಇಳಿದರೆ ಇನ್ನೊಂದು ನಡುವಿನ ದಿಬ್ಬದ ಮೇಲೆ. ಅವನದೂ ಮೊದಲು ಹಾಗೇ ವಾಲುತ್ತಿತ್ತು; ಅವನು ಹಗ್ಗ ಹಿಡಿದು ಜಾಡಿನ ಅಗಲ ಅಳೆದ. ಸಂಕೇಶ್ವರಕ್ಕೆ ಹೋಗಿ ದುಂಡನೆಯ ದಪ್ಪ ಕಬ್ಬಿಣದ ಬಿಲ್ಲೆ ಮಾಡಿಸಿ, ಅಚ್ಚಿನ ತುದಿಯ ಗುಂಬಕ್ಕೂ ಗಾಲಿಗೂ ನಡುವೆ ಒಂದೊಂದು ಕೂಡಿಸಿ, ಉದ್ದನೆಯ ಬೋಲ್ಟು ಹಾಕಿಸಿದ. ಗಾಲಿಗಳು ಹೊರಗೆ ಸರಿದು ಜಾಡಿನಲ್ಲಿ ಸರಿಯಾಗಿ ಕೂತವು. ಊರವರು ಆ ಬಿಲ್ಲೆಗೆ ರೊಟ್ಟಿ ಅಂದರು. ಅವನ ಗಾಡಿ ನೋಡಲೂ ಅಗಲವಾಗಿ, ಗತ್ತಿನಿಂದ ನಿಲ್ಲುತ್ತಿತ್ತು.

ಅವನದು ಒಂದಾದರೆ ನನ್ನದು ಎರಡು! ಆರು ತಿಂಗಳು ದುಡ್ಡು ಕೂಡಿಸಿ ಯಮಕನಮರಡಿಗೆ ಹೋಗಿ ಗಾಲಿಗೆ ಎರಡೆರಡು ರೊಟ್ಟಿ ಹಾಕು ಅಂದೆ. ಅಲ್ಲಿಯ ಮಿಸ್ತ್ರಿ ತಲೆಯಾಡಿಸಿದ. "ಎರಡು ರೊಟ್ಟಿಗೆ ಬೋಲ್ಟ್ ಸಾಲಂಗಿಲ್ಲ, ನಟ್ಟು ಮೂರು ಸುತ್ತಿನ ಮ್ಯಾಲ ಕೂಡಂಗಿಲ್ಲರಿ."

"ಮೂರು ಸುತ್ತು ಬೇಕಾದಷ್ಟಾತು. ನೀ ಹಾಕೋ."

ಊರಿಗೆ ಬರುವಾಗಲೇ ಗಾಲಿ ಜಾಡಿನ ಹೊರಗಿನ ಅಂಚಿಗೆ ತಿಕ್ಕುತ್ತಿತ್ತು, ಸ್ಟೇರಿಂಗು ತಿರುಗಿಸಿ ರಟ್ಟೆ ಬಿದ್ದುಹೋದವು. ಯಾರಿಗೂ ಹೇಳಲಿಲ್ಲ. ಸಂಜೆ ಅವನೇ ಬಂದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ.

"ತಮ್ಮಾ, ನನ್ನ ರೊಟ್ಟಿ ನಿನ್ನೆ ಬಿಚ್ಚಿಸಿಬಿಟ್ಟೆ. ಎರಡು ಸಲ ಬೇರಿಂಗ್ ಹೋದವು, ಈಗ ಬೋಲ್ಟ್ ಸೀಳಾಕತ್ತಿದ್ದವು. ಗಾಲಿ ಹೊರಗ ಹೋದಷ್ಟೂ ಭಾರ ಎಲ್ಲಾ ಬೋಲ್ಟಿನ ಮ್ಯಾಲ ಬೀಳತೈತಿ. ನೀ ಎರಡು ಹಾಕಿಸೀದಿ. ಅವ್ವನ್ನ ಮಾತ್ರ ಕೂಡಿಸಬ್ಯಾಡ."

ನಾನು ಸರಿಸಮ ಆದ ದಿನವೇ ಇವನಿಗೆ ಬುದ್ಧಿ ಬಂತೇ? "ಯಾಕ, ಹೊಟ್ಟಿಕಿಚ್ಚೇನು?" ಅಂದೆ. ಯಾರು ಯಾರಿಗೆ ಕೇಳುವ ಮಾತು ಅದು! ಅವನು ಸಿಟ್ಟಾಗಲಿಲ್ಲ. "ಆತು, ನಾಳೆ ನಾ ನಿನ್ನ ಹಿಂದ ಬರ್ತೇನಿ" ಅಂದು ಎದ್ದುಹೋದ.

ಮರುದಿನ ಕಾಡಿ ಬೇಡಿ ಅವ್ವನನ್ನು ಮುಂದೆ ಕೂಡಿಸಿಕೊಂಡೆ. ತೊಡೆಯ ಮೇಲೆ ತುಪ್ಪದ ಗಡಿಗೆ. "ಈಗ ವಾಲಾಕತ್ತಿಲ್ಲ ನೋಡು" ಅಂದಳು. ನನ್ನ ಎದೆ ಉಬ್ಬಿತು. ಗೋಕಾಕ ಇನ್ನು ಸ್ವಲ್ಪ ದೂರ ಇರುವಾಗ ಖಟ್ ಖಟ್ ಸದ್ದಾಯಿತು. ನೋಡಿದರೆ ಒಂದು ಗಾಲಿ ನಮ್ಮನ್ನು ದಾಟಿ ಮುಂದೆ ಉರುಳಿಕೊಂಡು ಹೋಗುತ್ತಿದೆ. ಯಾರದಪ್ಪಾ ಇದು ಅಂದುಕೊಳ್ಳುವಷ್ಟರಲ್ಲಿ ಗಾಡಿ ಮೂತಿ ಊರಿತು, ಅವ್ವ ಜೋಳದ ಹೊಲಕ್ಕೆ ಹೋಗಿ ಬಿದ್ದಳು. ಬೋಲ್ಟುಗಳು ಕತ್ತರಿಸಿಹೋಗಿದ್ದವು.

ಹಿಂದೆ ಬರುತ್ತಿದ್ದವನು ಓಡಿ ಬಂದ. ಜೋಳದ ದಂಟು ಮುರಿದು, ತಲೆಯ ರುಮಾಲು ಬಿಚ್ಚಿ ಅವ್ವನ ಮುರಿದ ಕೈ ಕಟ್ಟಿದ. ಅವನು ಬೈದಿದ್ದರೆ ಚಲೋ ಇತ್ತು. ಗೋಕಾಕದ ದವಾಖಾನೆಗೆ ನಾನು ಅವನ ಗಾಡಿಯ ಹಿಂದೆ, ಬೆಲ್ಲದ ಪೆಂಟೆಗಳ ನಡುವೆ ಕೂತು ಹೋದೆ.

ಕೈ ಕೂಡುವವರೆಗೆ ದವಾಖಾನೆಗೆ, ಕೂಡಿದ ಮೇಲೆ ಸಂತೆಗೆ, ವಾರ ವಾರ ಅವನೇ ಅವ್ವನನ್ನು ಕರೆದೊಯ್ದ. ರೊಟ್ಟಿ ತೆಗೆದ ಅವನ ಗಾಡಿಯೂ ಈಗ ನನ್ನದರಷ್ಟೇ ವಾಲುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ: "ಅವನ ಗಾಡಿನೂ ವಾಲತೈತೆಲ್ಲಬೇ?"

"ವಾಲಲಿ ಬಿಡೋ. ದಿಬ್ಬ ಬಂದಲ್ಲಿ ಅಂವ ಗಾಡಿ ನಿಂದ್ರಿಸಿ, ಯವ್ವಾ ಗಡಿಗಿ ಗಟ್ಟಿ ಹಿಡಕೋ ಅಂತಾನ. ನೀ ಒಂದಿನಾ ಅಂದೀದೇನು?"

ಅಂದಿರಲಿಲ್ಲ. ಗಾಲಿಯ ಮೇಲಿದ್ದ ಹೊಟ್ಟೆಕಿಚ್ಚು ಅವತ್ತಿನಿಂದ ಮನುಷ್ಯನ ಮೇಲೆಯೇ ತಿರುಗಿತು. ಅವನ ಆ ಗುಣ ಕಬ್ಬಿಣವಾಗಿದ್ದರೆ ನಾನೂ ಮಾಡಿಸಿಕೊಳ್ಳಬಹುದಿತ್ತು.

ಕೆಲವು ವರ್ಷಗಳ ಮೇಲೆ ಅವನಿಗೆ ಕಾಮಾಲೆಯಾಯಿತು. ಎಂಟೇ ದಿನ. ಮಣ್ಣು ಕೊಟ್ಟು ಬಂದ ಮೇಲೆ ಅವ್ವ ತಿಂಗಳೊಪ್ಪತ್ತು ಸಂತೆಗೇ ಹೋಗಲಿಲ್ಲ. ಆಮೇಲೊಂದು ಬೆಳಿಗ್ಗೆ ನಾನು ಕರೆಯದೆಯೇ ಬಂದು ನನ್ನ ಗಾಡಿಯಲ್ಲಿ ಕೂತಳು. ಇಷ್ಟು ವರ್ಷ ನಾನು ಹಲ್ಲು ಕಚ್ಚಿ ಬಯಸಿದ ಜಾಗದಲ್ಲಿ ಅವ್ವ ಕೂತಿದ್ದಳು. ಊರು ದಾಟಿದ್ದೇ ತಡ, ಅವನ ಮಾತು ತೆಗೆದಳು. ಅವನು ಹಾಗಂದ, ಹೀಗೆ ನಕ್ಕ, ತನ್ನ ಹಡೆದವ್ವನ ಮುಖವನ್ನೇ ನೋಡಿರಲಿಲ್ಲವಂತೆ. ಬಾಜೂ ಮನೆಯಲ್ಲಿದ್ದೂ ಅದು ನನಗೆ ಗೊತ್ತೇ ಇರಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುತ್ತಲೇ ನಾನು ಗಾಡಿಯ ವೇಗ ಇಳಿಸಿದೆ. ಗೋಕಾಕ ಬಂದರೆ ಅವಳು ಮಾತು ನಿಲ್ಲಿಸಿಬಿಡುತ್ತಿದ್ದಳು.