ಊರಿಗೆಲ್ಲ ಸಾರಿದ ಕಾಳಯ್ಯ

ಕಾಳಯ್ಯನಿಗೆ ಎರಡು ಗಂಟಲಿವೆ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ತಮಟೆ ಬಡಿದು ಸಾರಲು ನಿಂತನೆಂದರೆ ಅವನ ದನಿ ಕೆರೆಯ ಆಚೆ ದಡದಲ್ಲಿ ದನ ಮೇಯಿಸುವವರಿಗೂ ಮುಟ್ಟುತ್ತಿತ್ತು. ಅದೇ ಕಾಳಯ್ಯ ಅಂಗಡಿಯ ಮುಂದೆ ನಿಂತು ತನ್ನ ಮನೆಗೆ ಉಪ್ಪು ಬೇಕೆಂದರೆ ಎದುರಿಗೇ ಇದ್ದ ಶೆಟ್ಟರಿಗೂ ಕೇಳುತ್ತಿರಲಿಲ್ಲ. ಗಟ್ಟಿಯಾಗಿ ಹೇಳೋ ಎಂದು ಅವರು ಗದರಿದರೆ ಬೆರಳಿನಲ್ಲಿ ಉಪ್ಪಿನ ಮೂಟೆ ತೋರಿಸುತ್ತಿದ್ದ.

ಹೊಳೆನರಸೀಪುರದ ಕಡೆಯ ಆ ಹಳ್ಳಿಗೆ ನಾನು ಮೇಷ್ಟ್ರಾಗಿ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಶಾಲೆಯ ಗೋಡೆಗೆ ಅಂಟಿಕೊಂಡೇ ಚಾವಡಿ. ಕಂದಾಯದ ಗಡುವು, ಕೆರೆಯ ಹೂಳು ಎತ್ತುವ ದಿನ, ಹಬ್ಬ, ಸಾವು, ಎಲ್ಲಕ್ಕೂ ಕಾಳಯ್ಯನೇ ಊರಿನ ಬಾಯಿ. ಚಾವಡಿಯ ಮೆಟ್ಟಿಲು ಹತ್ತಲು ಮಾತ್ರ ಅವನ ಕೇರಿಯವರಿಗೆ ಅಪ್ಪಣೆಯಿರಲಿಲ್ಲ. ಮೇಲೆ ಕುಳಿತವರು ಹೇಳಿದ್ದನ್ನು ಕೆಳಗೆ ನಿಂತು ಕೇಳಿ, ಬೀದಿ ಬೀದಿಗೂ ಒಯ್ಯುತ್ತಿದ್ದ. ಒಮ್ಮೆ ಅವನು ಸಾರಿದ ಮೇಲೆ ತನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಅದು ಊರಿನ ಕಟ್ಟಳೆ. ಈ ಚಾಕರಿಗಾಗಿ ಅವನ ತಾತನ ಕಾಲದಲ್ಲೇ ಕೆರೆಯ ಕೆಳಗೆ ಒಂದು ತುಂಡು ಗದ್ದೆ ಬಿಟ್ಟುಕೊಟ್ಟಿದ್ದರು. ಅವನ ಮನೆಯ ಅನ್ನವೆಲ್ಲ ಆ ಗದ್ದೆಯದೇ.

ತಾನು ಸಾರಿದ್ದನ್ನು ಕಾಳಯ್ಯ ತಾನೇ ಕೇಳಿಸಿಕೊಳ್ಳುವುದಿಲ್ಲ ಎಂಬುದು ನನಗೆ ತಿಳಿದದ್ದು ಒಂದು ಕರುವಿನ ದೆಸೆಯಿಂದ. ಕೆರೆ ಏರಿಯ ಮೇಲೆ ಯಾರೂ ದನ ಬಿಡಕೂಡದು, ಬಿಟ್ಟರೆ ದೊಡ್ಡಿಗೆ ಕೂಡುತ್ತೇವೆ ಎಂದು ಅವನೇ ಊರೆಲ್ಲ ಸಾರಿದ. ಮಾರನೆಯ ದಿನ ದೊಡ್ಡಿಯಲ್ಲಿ ನಿಂತಿದ್ದದ್ದು ಅವನ ಕರುವೇ.

'ಏಳೋದು ಶಾಸ್ತ್ರ, ತಿನ್ನೋದು ಬದ್ನೆಕಾಯಿ ಕಣ್ಲಾ ನಿಂದು' ಎಂದು ಪಟೇಲರು ನಕ್ಕರು.

ಕಾಳಯ್ಯ ನಿಜವಾಗಿಯೂ ತಬ್ಬಿಬ್ಬಾಗಿದ್ದ. 'ಅದು ಊರ್ನೋರ್ಗೆ ಏಳಿದ್ದಲ್ವಾ ಬುದ್ಧಿ' ಎಂದ.

'ಅಂಗಾರೆ ನೀನ್ ಯಾವೂರ್ನೋನ್ಲಾ?'

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ನಕ್ಕ, ಎಲ್ಲರೂ ನಗುತ್ತಿದ್ದರಲ್ಲ.

ನನಗೋ ಅವನನ್ನು ಕೆಣಕುವ ಚಟ. ಒಮ್ಮೆ ಶಾಲೆಯ ಜಗಲಿಯ ಕೆಳಗೆ ಕುಳಿತು ತಮಟೆ ಕಾಯಿಸುತ್ತಿದ್ದವನನ್ನು, 'ಕಾಳಯ್ಯ, ಇಷ್ಟು ವರ್ಷ ಊರಿನ ಮಾತು ಸಾರಿದೆ. ಒಂದು ದಿನ ನಿನ್ನ ಮಾತೇ ಸಾರು ಅಂದ್ರೆ ಏನು ಸಾರ್ತೀಯ?' ಎಂದು ಕೇಳಿದೆ. ನಕ್ಕು ಎದ್ದು ಹೋದ. ನಾನು ಮರೆತೂ ಬಿಟ್ಟಿದ್ದೆ. ಎಷ್ಟೋ ದಿನದ ಮೇಲೆ ಬಾಗಿಲಿಗೆ ಬಂದು ನಿಂತು, 'ಮೇಷ್ಟ್ರೇ, ಯೋಸ್ನೆ ಮಾಡ್ದೆ. ನಂದು ಅಂತ ಏನೂ ಸಿಕ್ನಿಲ್ಲ' ಎಂದ. ಅಷ್ಟು ದಿನವೂ ಹುಡುಕುತ್ತಿದ್ದನಲ್ಲ ಎಂದು ನನಗೆ ಸಂಕಟವಾಯಿತು.

ಅರವತ್ತರ ದಶಕದಲ್ಲಿ ಸರ್ಕಾರ ಇಂಥ ಊರ ಚಾಕರಿಗಳನ್ನು ತೆಗೆದುಹಾಕಿತು. ಚಾಕರಿಗೆ ಬಿಟ್ಟ ನೆಲ ಚಾಕರಿ ಮಾಡಿದವನಿಗೇ ಸೇರುತ್ತದೆ, ವಿಚಾರಣೆಯ ದಿನ ಚಾವಡಿಗೆ ಬಂದು ಕೇಳಿಕೊಳ್ಳಬೇಕು ಎಂದಾಯಿತು. ಅದನ್ನೂ ಕಾಳಯ್ಯನೇ ಸಾರಿದ. ನಾನು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ಅವನ ಹೆಂಡತಿ ಕೆಂಪಮ್ಮನೂ ಹೇಳಿದಳು. 'ಆಗ್ಲಿ ಮೇಷ್ಟ್ರೇ, ಕೇಳ್ತೀನಿ' ಎಂದು ತಲೆಯಾಡಿಸಿದ.

ವಿಚಾರಣೆಯ ದಿನ ನನಗೆ ಹಾಸನದಲ್ಲಿ ಮೇಷ್ಟ್ರುಗಳ ಸಭೆ. ನಡೆದದ್ದನ್ನು ಅಲ್ಲಿದ್ದವರ ಬಾಯಿಂದಲೇ ಕೇಳಿದೆ. ಕೆರೆಯ ಕೆಳಗಿನ ಆ ಗದ್ದೆಯ ಸರದಿ ಬಂದಾಗ ಪಟೇಲರ ತಮ್ಮ ಎದ್ದು, ಅದು ನಮ್ಮದು, ಕಾಳಯ್ಯ ನಮ್ಮ ಆಳಾಗಿ ಗೇಯುತ್ತಿದ್ದಾನೆ ಅಷ್ಟೆ ಎಂದನಂತೆ. ತಾಲ್ಲೂಕಿನಿಂದ ಬಂದಿದ್ದ ಸಾಹೇಬರು, ತಕರಾರು ಇದ್ದವರು ಬರಲಿ ಎಂದು ಕೂಗಿಸಿ ಎಂದರಂತೆ. ಕೂಗುವವನು ಇನ್ಯಾರು? ಮೆಟ್ಟಿಲ ಕೆಳಗೆ ನಿಂತಿದ್ದ ಕಾಳಯ್ಯ ತಮಟೆ ಬಡಿದ.

'ಕೆರೆ ಕೆಳ್ಗಲ್ ಗದ್ದೆಗೆ ಯಾರ್ದಾರಾ ತಕರಾರಿದ್ರೆ ಬಂದು ಏಳ್ರಪ್ಪೋ.'

ಮೂರು ಸಲ ಕೂಗಿ, ಕತ್ತು ಓರೆ ಮಾಡಿ, ಯಾರಾದರೂ ಬರುತ್ತಾರೇನೋ ಎಂದು ಬೀದಿಯ ಕಡೆ ಕಿವಿಗೊಟ್ಟ. ಆಮೇಲೆ ಸಾಹೇಬರತ್ತ ತಿರುಗಿ ಕೈಮುಗಿದು, 'ಯಾರೂ ಇಲ್ಲ ಬುದ್ಧಿ' ಎಂದ.

ಸಂಜೆ ನಾನು ಊರಿಗೆ ಬರುವಷ್ಟರಲ್ಲಿ ಗದ್ದೆ ಪಟೇಲರ ತಮ್ಮನ ಹೆಸರಿಗಾಗಿತ್ತು. ಗಂಡಹೆಂಡತಿ ಇಬ್ಬರೂ ಶಾಲೆಯ ಮುಂದೆ ಕುಳಿತಿದ್ದರು. ಕೆಂಪಮ್ಮ ಅಳುತ್ತಿರಲಿಲ್ಲ. ಅದೇ ಮಾತನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದಳು.

'ಯಾರೂ ಇಲ್ಲ ಅಂದ್ಯಲ್ಲ, ನೀನಿರ್ನಿಲ್ವಾ ಅಲ್ಲಿ?'

'ನಾನು ಸಾರ್ತಿದ್ದೆ ಕಣಮ್ಮಿ.'

ಊರು ಇದನ್ನು ಹೇಳಿಕೊಂಡು ಹೇಳಿಕೊಂಡು ನಕ್ಕಿತು. ನನಗೆ ಈಗಲೂ ಮೈ ಉರಿಯುತ್ತದೆ. ತಾತನ ಕಾಲದಿಂದ ಮೆಟ್ಟಿಲ ಕೆಳಗೆ ನಿಲ್ಲಿಸಿ, ನೀನು ಬರೀ ಬಾಯಿ, ನಿನಗೆ ಮಾತಿಲ್ಲ ಎಂದು ಕಲಿಸಿದವರು ಇವರೇ. ಅವನು ಆ ಪಾಠವನ್ನು ಚೆನ್ನಾಗಿ ಕಲಿತಿದ್ದ, ಅಷ್ಟೆ.

ಹೊಳೆನರಸೀಪುರದ ಕಚೇರಿಗೆ ಅವನನ್ನು ಕರೆದುಕೊಂಡು ಹೋದೆ. ಸಾಹೇಬರು ಕೆಟ್ಟವರೇನಲ್ಲ, ಕೂತು ಕೇಳಿದರು.

'ಅವತ್ತು ಯಾರೂ ಇಲ್ಲ ಅಂದೋನು ಯಾರು?'

'ನಾನೇ ಬುದ್ಧಿ.'

'ಮತ್ತೆ ಈಗ ತಕರಾರು ಅಂತ ಬಂದಿರೋನು ಯಾರು?'

ಕಾಳಯ್ಯ ನನ್ನ ಮುಖ ನೋಡಿದ. ಗದ್ದೆ ಇವನದೇ ಎಂದು ನಾನು ಶುರು ಮಾಡಿದೆ. ಸಾಹೇಬರು ಕೈ ಅಡ್ಡ ಹಿಡಿದು, 'ನೀವು ಬೇಡ ಮೇಷ್ಟ್ರೇ, ಅವನು ಹೇಳಲಿ' ಎಂದರು. ಅವನ ತುಟಿ ಅಲುಗಿತು. ಅದು ಅಂಗಡಿಯ ಮುಂದಿನ ದನಿ. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಕಾದು ಸಾಹೇಬರು ಬೇರೆಯವರನ್ನು ಕರೆದರು. ದಾರಿಯಲ್ಲಿ ಬರುವಾಗ, 'ನೀವ್ ಬೇಜಾರ್ ಮಾಡ್ಕಬ್ಯಾಡಿ' ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ಆಮೇಲೆ ಪಂಚಾಯಿತಿಗೆ ಮೈಕು ಬಂತು. ತಮಟೆ ಬೇಡವಾಯಿತು. ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಕಾಳಯ್ಯ ಊರು ಬಿಟ್ಟು ರಸ್ತೆ ಕೂಲಿಗೆ ಸೇರಿದನೆಂದು ಯಾರೋ ಹೇಳಿದರು.

ಕೊನೆಗೆ ನೋಡಿದ್ದು ಶಾಂತಿಗ್ರಾಮದಲ್ಲಿ. ಹಾಸನದ ಬಸ್ಸು ಅಲ್ಲಿ ನಿಂತಾಗ ಕಾಫಿಗೆಂದು ಇಳಿದೆ. ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಮರದ ಕೆಳಗೆ ನಿಂತಿದ್ದ. ಬಡಕಲಾಗಿದ್ದ. ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದು ಕೇಳಬೇಕಾಯಿತು. 'ಕೆಂಪಿ ಆಸ್ನದ ಆಸ್ಪತ್ರೇಲವ್ಳೆ ಮೇಷ್ಟ್ರೇ. ಉಳಿಯಾಕಿಲ್ಲ ಅಂದ್ರು. ಇವತ್ತೇ ಬಂದು ಮಕ ನೋಡ್ಕಂಡೋಗು ಅಂದವ್ರೆ.' ಇದೇ ಬಸ್ಸಿಗೆ ಹತ್ತು, ಜೊತೆಗೆ ಹೋಗೋಣ ಎಂದೆ. ಹೂಂ ಎಂದು ತಲೆಯಾಡಿಸಿದ.

ಬಸ್ಸು ಹೊರಡುವಾಗ ಜನ ನುಗ್ಗಿದರು. ಅವರ ನಡುವೆ ಸಿಕ್ಕಿ ನಾನು ಒಳಗೆ ಸೇರಿಬಿಟ್ಟೆ. ಕಾಳಯ್ಯ ಎಲ್ಲರಿಗೂ ದಾರಿ ಬಿಟ್ಟು ಬಾಗಿಲ ಪಕ್ಕ ನಿಂತಿದ್ದ. ಕಂಡಕ್ಟರ್ ತಲೆ ಹೊರಗೆ ಹಾಕಿ, 'ಇನ್ಯಾರಾರಾ ಅವ್ರೇನಯ್ಯಾ ಆಸ್ನಕ್ಕೆ?' ಎಂದು ಅವನನ್ನೇ ಕೇಳಿದ.

ಕಾಳಯ್ಯ ರಸ್ತೆಯ ಆ ಕಡೆ ಈ ಕಡೆ ನೋಡಿದ. ಕೆರೆ ದಾಟುತ್ತಿದ್ದ ಆ ಹಳೆಯ ದನಿ ಅಷ್ಟು ವರ್ಷದ ಮೇಲೆ ಹೊರಗೆ ಬಂತು.

'ಯಾರೂ ಇಲ್ಲ ಸಾ.'

ನಾನು ಕೂಗಿಕೊಂಡೆ. ನನ್ನದು ಮೇಷ್ಟ್ರ ದನಿ, ಒಂದು ಕೋಣೆಗೆ ಸಾಲುವಂಥದ್ದು. ಬಸ್ಸಿನ ಸದ್ದಿನಲ್ಲಿ ಕಂಡಕ್ಟರಿಗೆ ಕೇಳಿಸಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದಾಗ ಅವನು ಗಂಟನ್ನು ಕಂಕುಳಿಗೆ ಒತ್ತಿಕೊಂಡು, ಹೊರಟ ಬಸ್ಸಿಗೆ ಕೈಮುಗಿಯುತ್ತಿದ್ದ.