ದಿನಕ್ಕೊಂದು ಗುದ್ದು, ಪತ್ರಿಕೆಗೊಂದು ತೂತು

ನಮ್ಮ ಭಾವನವರು ಸಿಟ್ಟನ್ನು ಪೂರ್ಣಾವಧಿ ಕೆಲಸವಾಗಿ ಹಿಡಿದದ್ದು ನಿವೃತ್ತಿಯ ನಂತರ. ವಿಮಾ ಕಚೇರಿಯಲ್ಲಿದ್ದಾಗ ಅದಿನ್ನೂ ಹವ್ಯಾಸದ ಮಟ್ಟದಲ್ಲಿತ್ತು. ಮೇಲಧಿಕಾರಿಯ ಮೇಲಿನ ಕೋಪವನ್ನು ಸಂಜೆ ಮನೆಗೆ ತಂದು ಅಕ್ಕನ ಮುಂದೆ ಸುರಿದರೆ ಅಂದಿಗೆ ಮುಗಿಯಿತು. ಆಮೇಲೆ ಮೇಲಧಿಕಾರಿ ಹೋದ, ಕೋಪ ಉಳಿಯಿತು. ಅದಕ್ಕೊಂದು ಜಾಗ ಬೇಕಲ್ಲ ಎಂದು ಅವರ ತಂಗಿಯ ಮಗಳು ಒಂದು ಬ್ಲಾಗು ತೆರೆದುಕೊಟ್ಟಳು. ಭಾವ ಅದಕ್ಕೆ ‘ದಿನಕ್ಕೊಂದು ಗುದ್ದು’ ಎಂದು ಹೆಸರಿಟ್ಟರು. ಬೀದಿಯ ಜನ ಭಾವನಿಗೇ ಗುದ್ದು ಸಾರ್ ಎಂದು ಹೆಸರಿಟ್ಟರು.

ಬ್ಲಾಗಿನಲ್ಲಿ ಮೂರು ಬಗೆಯ ಗುದ್ದುಗಳು ಬರುತ್ತಿದ್ದವು. ಸುದ್ದಿ ಇದ್ದ ದಿನ ಸರ್ಕಾರಕ್ಕೆ. ಸುದ್ದಿ ಸಪ್ಪೆಯಾದ ದಿನ ‘ಇತ್ತೀಚೆಗೆ ಓದಿದ್ದು’ ಎಂದು ಯಾರಾದರೂ ಲೇಖಕರಿಗೆ. ಎರಡೂ ಇಲ್ಲದ ದಿನ ಮನೆಯವರಿಗೆ. ಓದಿದ್ದು ಅಂದೆನಲ್ಲ, ಓದುತ್ತಿದ್ದವಳು ಅಕ್ಕ. ಊಟ ಬಡಿಸುತ್ತ ಅವಳು ಕಥೆ ಹೇಳುವಳು, ಕೈ ತೊಳೆದು ಬರುವಷ್ಟರಲ್ಲಿ ಭಾವನಿಗೆ ಅದರ ಮೇಲೆ ಅಭಿಪ್ರಾಯ ಬಂದಿರುತ್ತಿತ್ತು.

ಅಕ್ಕ ಓದುತ್ತಿದ್ದುದು ಬೀದಿ ಕೊನೆಯ ವಾಚನಾಲಯದಲ್ಲಿ. ಒಂದೇ ಕೋಣೆ, ಎರಡು ಉದ್ದ ಮೇಜು, ಕಟಕಟ ಎನ್ನುವ ಫ್ಯಾನು. ಮಧ್ಯಾಹ್ನದ ಪಾತ್ರೆ ಮುಗಿಸಿ, ಕನ್ನಡಕದ ಡಬ್ಬಿ ಹಿಡಿದು ಹೊರಟರೆ ಸಂಜೆ ಕಾಫಿ ಹೊತ್ತಿಗೇ ವಾಪಸು. “ಅಲ್ಲೇನಿದೆ ಅಂಥದ್ದು?” ಎಂದು ಒಮ್ಮೆ ಕೇಳಿದ್ದೆ. “ಅಲ್ಲಿ ಯಾರೂ ನನ್ನನ್ನ ಕರೆಯಲ್ಲ ಕಣೋ” ಅಂದಳು. ಮನೆಯಲ್ಲಿ ಭಾವ ಒಂದು ವಾಕ್ಯ ಬರೆದರೆ ಎರಡು ಸಲ ಕರೆಯುತ್ತಿದ್ದರು, ಒಮ್ಮೆ ಓದಿ ಹೇಳಲು, ಒಮ್ಮೆ ಕಾಫಿಗೆ.

ಇನ್ನು ಕತ್ತರಿಯ ವಿಷಯ. ಬೆಳಗ್ಗೆ ಪತ್ರಿಕೆ ಬಂದರೆ ಭಾವ ಮುಟ್ಟುವ ತನಕ ಬೇರೆಯವರು ಮುಟ್ಟುವಂತಿಲ್ಲ. ದರ್ಜಿಗಳು ಬಳಸುವಂಥ ದೊಡ್ಡ ಕತ್ತರಿ ಹಿಡಿದು, ಸಿಟ್ಟು ಬಂದ ಸುದ್ದಿಯನ್ನೆಲ್ಲ ಕತ್ತರಿಸಿ ರಟ್ಟಿನ ಪೆಟ್ಟಿಗೆಗೆ ಹಾಕುವರು. ಆಮೇಲೆ ಮನೆಯವರ ಕೈಗೆ ಸಿಗುವುದು ಕಿಟಕಿ ಬಾಗಿಲುಗಳಿರುವ ಪತ್ರಿಕೆ. ಅಕ್ಕ ಪದಬಂಧ ತುಂಬುವಾಗ ಎಡದಿಂದ ಬಲಕ್ಕೆ ಸುಳಿವುಗಳಿರುತ್ತಿದ್ದವು, ಮೇಲಿನಿಂದ ಕೆಳಕ್ಕೆ ಆಕಾಶ. ನಾನು ಹತ್ತಿರದಲ್ಲೇ ಇರುವವನು, ಪತ್ರಿಕೆ ತರಿಸದ ಜಿಪುಣ. ಅಕ್ಕನ ಮನೆಯ ತೂತು ಪತ್ರಿಕೆಯಿಂದಲೇ ನನಗೆ ಲೋಕಜ್ಞಾನ.

ಕಳೆದ ತಿಂಗಳು ವಾಚನಾಲಯಕ್ಕೆ ಒಂದು ವಾರ ಬಾಗಿಲು ಹಾಕಿದ್ದರು. ಪುಸ್ತಕ ಎಣಿಸುತ್ತಾರೆ ಎಂದು ಸುದ್ದಿ. ಎಣಿಕೆ ಮುಗಿದಿರಬೇಕೆಂದು ಸೋಮವಾರ ಹೋದ ಅಕ್ಕ ಹೋದಷ್ಟೇ ಬೇಗ ಬಂದಳು. ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತಳು.

“ಮುಚ್ಚಿಬಿಟ್ರು. ಪುಸ್ತಕ ಎಲ್ಲ ಮೂಟೆ ಕಟ್ಟಿದಾರೆ. ವಾರ್ಡ್ ಕಚೇರಿಯ ಮುರುಕಲು ಕುರ್ಚಿ ತುಂಬ್ತಾರಂತೆ ಅಲ್ಲಿ.”

ಭಾವ ಕೂಡಲೇ ಎದ್ದು ನಿಂತರು. ಅವರ ಮುಖದಲ್ಲಿ ಒಳ್ಳೆಯ ವಿಷಯ ಸಿಕ್ಕವರ ಕಳೆಯಿತ್ತು. “ಅದ್ಹೇಗೆ ಮುಚ್ತಾರೆ? ಜನರನ್ನ ಕೇಳಬೇಡ್ವಾ?”

“ಕೇಳಿದಾರೆ. ಮುಚ್ಚೋದು ಬೇಡ ಅನ್ನೋರು ಶುಕ್ರವಾರ ಕಚೇರಿಗೆ ಬಂದು ಹೇಳಿ, ಹತ್ತು ಜನ ಬಂದ್ರೆ ಮುಚ್ಚಲ್ಲ ಅಂತ ಪ್ರಕಟಣೆ ಹಾಕಿದ್ರಂತೆ. ಒಬ್ಬರೂ ಹೋಗಿಲ್ಲ. ಹತ್ತು ಜನ ಏನು, ನಾನು ಬೀದಿಯನ್ನೇ ಎಬ್ಬಿಸಿಕೊಂಡು ಹೋಗ್ತಿದ್ದೆ.”

“ಪ್ರಕಟಣೆ ಎಲ್ಲಿ ಹಾಕಿದ್ರು? ಯಾರೂ ಓಡಾಡದ ಗೋಡೆ ಮೇಲೆ ಅಂಟಿಸಿರ್ತಾರೆ, ಕಳ್ಳರು.”

“ಪೇಪರಲ್ಲಿ,” ಅಂದಳು ಅಕ್ಕ. “ನಮ್ಮ ಪೇಪರಲ್ಲೇ, ಮಂಗಳವಾರ. ಅಲ್ಲಿನ ಗುಮಾಸ್ತ ನನ್ನನ್ನೇ ಕೇಳಿದ, ಯಾಕಮ್ಮಾ, ಗುದ್ದು ಸಾರ್ ಮನೆಗೆ ಪೇಪರ್ ಬರಲ್ವಾ ಅಂತ.”

ನಾನು ಹಳೇ ಪತ್ರಿಕೆಗಳ ಕಟ್ಟಿನಿಂದ ಮಂಗಳವಾರದ್ದನ್ನು ಎಳೆದೆ. ನಾಲ್ಕನೇ ಪುಟದ ನಡುವೆ ತೂತು. ಅದರೊಳಗಿಂದ ಭಾವನ ಮುಖ ಕಾಣುತ್ತಿತ್ತು.

ಅಕ್ಕ ಪೆಟ್ಟಿಗೆ ಕೆದಕಿ ಆ ತುಂಡು ಹುಡುಕಿದಳು. ಮುಂಬದಿಯಲ್ಲಿ ‘ಪತ್ರಿಕೆ ಓದುವ ಅಭ್ಯಾಸ ಕುಸಿತ’ ಎಂಬ ವರದಿ, ಅದರ ಸುತ್ತ ಭಾವನ ಕೆಂಪು ಗೆರೆ. ಅದರ ಮೇಲೆ ಅವರು ಬರೆದ ಗುದ್ದು ನನಗೆ ನೆನಪಿತ್ತು. ತಲೆಬರಹ ‘ಹಾಳೆ ತಿರುವದ ಜನಾಂಗ’. ಅಕ್ಕ ಹಾಳೆ ತಿರುವಿದಳು. ಹಿಂಬದಿಯಲ್ಲಿ ವಾಚನಾಲಯದ ಪ್ರಕಟಣೆ ಇಡಿಯಾಗಿತ್ತು, ಒಂದು ಸಾಲೂ ಕತ್ತರಿಸಿ ಹೋಗಿರಲಿಲ್ಲ. ಭಾವನ ಕೈ ಅಷ್ಟು ನಾಜೂಕು.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು, ಕೂಗಾಟದಲ್ಲಿ ಅವರದು ಎತ್ತಿದ ಕೈ. ಅವಳು ಆ ತುಂಡನ್ನು ಅವರ ಕೀಲಿಮಣೆಯ ಮೇಲಿಟ್ಟು ಒಳಗೆ ಹೋದಳು.

ಮರುದಿನ ಬ್ಲಾಗಿನಲ್ಲಿ ‘ಮಲಗಿದ ನಾಗರಿಕರಿಗೊಂದು ಗುದ್ದು’ ಬಂತು. ವಾಚನಾಲಯ ಮುಚ್ಚಿದ್ದು ಅಧಿಕಾರಿಗಳಲ್ಲ, ಕಣ್ಣೆದುರಿನ ಪ್ರಕಟಣೆಯನ್ನೂ ಓದದ ಸೋಮಾರಿಗಳು ಎಂದು ಬೆಂಕಿ ಕಾರಿದ್ದರು. ಮೆಚ್ಚಿಕೊಂಡವರ ಸಾಲು ಉದ್ದವಿತ್ತು. ‘ನಿಮ್ಮಂಥವರು ಮನೆಗೊಬ್ಬರು ಬೇಕು ಸಾರ್’ ಎಂದು ಯಾರೋ ಬರೆದಿದ್ದರು. ಅದನ್ನು ಓದಿ ನನ್ನ ಮೈ ಉರಿಯಿತು. ಮನೆಗೊಬ್ಬರಿದ್ದರೆ ಊರಲ್ಲಿ ಒಂದು ಪುಸ್ತಕವೂ ಉಳಿಯುವುದಿಲ್ಲ.

ಅಕ್ಕ ಅದನ್ನು ನಿಂತೇ ಓದಿದಳು.

“ಎಲ್ಲ ಬಂದಿದೆ. ಕತ್ತರಿ ಎಲ್ಲಿ ಇದರಲ್ಲಿ?”

“ನೋಡೇ, ಬರವಣಿಗೆ ಅಂದ್ರೆ ಸಮಾಜದ ವಿಷಯ. ಸ್ವಂತದ್ದು ತರಬಾರ್ದು.”

“ನಾನು ಹಾಲಿಟ್ಟು ಮರೆತದ್ದು ಬರೆದ್ರಲ್ಲ, ‘ಗೃಹಿಣಿಯರ ಗಮನಕ್ಕೆ’ ಅಂತ? ಅದು ಯಾವ ಸಮಾಜದ ಹಾಲು?”

“ಅದು... ಅದು ಲಘು ಬರಹ.”

“ಇದನ್ನೂ ಲಘುವಾಗೇ ಬರೀರಿ. ನಾನು ಹೋಗ್ತಿದ್ದ ಜಾಗ ನಿಮ್ಮಿಂದ ಹೋಯ್ತು ಅಂತ ಒಂದು ಸಾಲು. ಒಂದೇ ಸಾಲು ರೀ.”

ಭಾವ ನನ್ನ ಕಡೆ ತಿರುಗಿದರು. “ಏನಯ್ಯಾ, ನಿಮ್ಮಕ್ಕನಿಗೆ ನೀನಾದರೂ ಹೇಳು. ಓದುಗರ ಮುಂದೆ ನನ್ನ ಮರ್ಯಾದೆ ಏನಾಗಬೇಕು?”

“ಅವಳೂ ಓದುಗರಲ್ಲಿ ಒಬ್ಬಳೇ ಅಲ್ವಾ ಭಾವ,” ಅಂದೆ. ಅವರಿಗೆ ಈ ವಿಷಯ ಆವರೆಗೆ ಹೊಳೆದಂತಿರಲಿಲ್ಲ.

ಆ ಸಾಲು ಅಂದೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆ ಕಟ್ಟಿದವರು ನಮ್ಮ ಭಾವನನ್ನು ನೋಡಿರಲಾರರು, ನೋಡಿದ್ದರೆ ಗಾದೆಗೆ ಭಾವನ ವಿಳಾಸವನ್ನೂ ಸೇರಿಸುತ್ತಿದ್ದರು.

ಮೂರನೆಯ ಮಧ್ಯಾಹ್ನ ಅಕ್ಕ ಪಾತ್ರೆ ಮುಗಿಸಿ, ಕನ್ನಡಕದ ಡಬ್ಬಿ ಹಿಡಿದು, ಭಾವ ಬರೆಯುವ ಕೋಣೆಗೆ ಹೋದಳು. ಕಂಪ್ಯೂಟರು, ಕತ್ತರಿ, ಪೆಟ್ಟಿಗೆ ಮೂರನ್ನೂ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. “ಮಧ್ಯಾಹ್ನ ಆ ಕೋಣೆ ನನ್ನದು. ಕರೆಯಬೇಡಿ,” ಎಂದು ಹೇಳಿ ಬಾಗಿಲು ಹಾಕಿ ಚಿಲಕ ಎಳೆದಳು. ಮೂಟೆ ಕಟ್ಟುವ ಮೊದಲು ತಂದಿದ್ದ ಒಂದು ಪುಸ್ತಕ ಅವಳ ಬಳಿ ಉಳಿದಿತ್ತು. ಅದನ್ನು ವಾಪಸು ಕೊಡಲು ಈಗ ಜಾಗವೂ ಇಲ್ಲ.

ಭಾವ ಮುಚ್ಚಿದ ಬಾಗಿಲನ್ನು ದುರುಗುಟ್ಟಿ ನೋಡಿದರು. “ಕಾಫಿ?” ಎಂದು ನನ್ನನ್ನು ಕೇಳಿದರು, ನಾನು ಮಾಡಲಿ ಎಂಬ ಅರ್ಥದಲ್ಲಿ. ನಾನು ಅರ್ಥವಾಗದವನಂತೆ ಕೂತೆ. ಕೊನೆಗೆ ಅವರೇ ಒಲೆಯ ಮೇಲೆ ಹಾಲಿಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತು ಕೀಲಿಮಣೆ ಕುಟ್ಟತೊಡಗಿದರು. ಇಣುಕಿದೆ. ತಲೆಬರಹ ‘ಮನೆಮನೆಯಲ್ಲೂ ಬರಹಗಾರನ ಉಸಿರುಗಟ್ಟಿಸುವಿಕೆ’. ಕಣ್ಣು ಕೆಂಪಾಗಿತ್ತು, ಬೆರಳು ಓಡುತ್ತಿತ್ತು. ಅವರ ಮೊಣಕೈಯಿಂದ ಗೇಣು ದೂರದಲ್ಲಿ ಹಾಲು ಅಂಚಿಗೆ ಬರುತ್ತಿತ್ತು.

ಒಲೆ ಆರಿಸಲು ನಾನು ಎದ್ದೆ. ಮುಚ್ಚಿದ ಬಾಗಿಲಿನಾಚೆ ಹಾಳೆ ತಿರುವಿದ ಸದ್ದು ಕೇಳಿಸಿತು. ಮತ್ತೆ ಕೂತೆ.